ಹಳೇ ಮನೆಗೆ ಎಷ್ಟು ಅಂತ ಹೇಳೋದು?

ಮನೆಯೊಳಗೆ ಕಾಲಿಡುವ ಮೊದಲೇ ದಲ್ಲಾಳಿ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದ. "ಸರ್, ಒಂದು ಮಾತು. ಒಳಗೆ ಹೋದಮೇಲೆ ಬಾಗಿಲು ಚೆನ್ನಾಗಿದೆ ಅಂತ ಮಾತ್ರ ಅನ್ನಬೇಡಿ. ಏನು ನೋಡಿದರೂ ಹಳೇದು, ಹಳೇದು ಅಂತಲೇ ಅನ್ನಿ. ಉಳಿದದ್ದು ನಾನು ನೋಡ್ಕೋತೀನಿ" ಅಂದ. ಅವನು ಹೇಳಿದ್ದು ತೆಲುಗಿನಲ್ಲಿ. ಅವನ ಬಾಯಲ್ಲಿ ಆ 'ಪಾತದಿ, ಪಾತದಿ' ಎನ್ನುವುದು ಕೇಳಿದರೆ ಕಸದ ಗಾಡಿಯವನು ಹಳೇ ಪೇಪರು ತೂಗುವಾಗ ಎಳೆಯುವ ರಾಗದ ಹಾಗೇ ಇತ್ತು. ನಾನು ತಲೆ ಆಡಿಸಿದೆ. ತಲೆ ಆಡಿಸಿದ್ದಕ್ಕೆ ನನಗೇ ಒಂಥರಾ ಆಯ್ತು. ಆದರೆ ಆಡಿಸಿದ್ದಂತೂ ನಿಜ.

ಇದು 2023ರ ಜುಲೈ ತಿಂಗಳ ಮಾತು. ನಾನು ವಿಶಾಖಪಟ್ಟಣಕ್ಕೆ ಬಂದದ್ದು 1996ರಲ್ಲಿ, ಕೆಲಸದ ಮೇಲೆ. ಎರಡು ಮೂರು ವರ್ಷ ಇದ್ದು ಹಾಸನದ ಕಡೆಗೆ ವರ್ಗ ಮಾಡಿಸಿಕೊಂಡರಾಯ್ತು ಅಂದುಕೊಂಡು ಬಂದವನು, ಮಕ್ಕಳ ಸ್ಕೂಲು, ಆಮೇಲೆ ಕಾಲೇಜು, ಆಮೇಲೆ ಅಭ್ಯಾಸ ಅಂತ ಇಲ್ಲೇ ಉಳಿದೆ. ಊರಿಗೆ ಹೋಗಬೇಕಾದಾಗ ಪ್ರಶಾಂತಿ ಎಕ್ಸ್‌ಪ್ರೆಸ್ಸು. ಊರಲ್ಲಿ ಈಗ ನಮ್ಮದು ಅಂತ ಒಂದು ಹೊಸ್ತಿಲೂ ಇಲ್ಲ, ಅದರ ಕತೆ ಮುಂದೆ ಹೇಳ್ತೇನೆ. ರಿಟೈರ್ ಆದಮೇಲೆ ನನ್ನ ಹೆಂಡತಿ ಒಂದೇ ಹಟ ಹಿಡಿದಳು: "ರೀ, ಇಪ್ಪತ್ತು ವರ್ಷ ನಾಲ್ಕನೇ ಮಹಡಿಯಲ್ಲಿ ತುಳಸೀನ ಡಬ್ಬದಲ್ಲಿ ಬೆಳೆಸಿದ್ದು ಸಾಕು. ನೆಲದ ಮೇಲೊಂದು ಮನೆ ನೋಡಿ." ನೆಲದ ಮೇಲಿನ ಮನೆ ವಿಶಾಖಪಟ್ಟಣದ ಒಳಗೆ ನಮ್ಮಂಥವರ ಕೈಗೆ ಸಿಗುವುದಿಲ್ಲ. ಹಾಗೆ ಹುಡುಕುತ್ತಾ ಹೋಗಿ ಭೀಮುನಿಪಟ್ಟಣ ಮುಟ್ಟಿದೆವು.

ಕಡಲ ದಂಡೆಯ ರಸ್ತೆ ಹಿಡಿದು, ಎರ್ರಮಟ್ಟಿ ದಿಬ್ಬಗಳೆಂಬ ಕೆಂಪು ಮರಳಿನ ಗುಡ್ಡಗಳನ್ನು ದಾಟಿ ಸುಮಾರು 25 ಕಿಲೋಮೀಟರ್ ಹೋದರೆ, ಗೋಸ್ತನಿ ನದಿ ಸಮುದ್ರ ಸೇರುವ ಕಡೆ ಈ ಊರು. ಜನ ಕರೆಯುವುದು ಭೀಮಿಲಿ ಅಂತ. ಡಚ್ಚರು 17ನೇ ಶತಮಾನದಲ್ಲಿ ಇಲ್ಲಿ ವ್ಯಾಪಾರದ ಕೋಠಿ ಹಾಕಿದ್ದರು. ಅವರ ಸಮಾಧಿಗಳು ಇವತ್ತಿಗೂ ಇವೆ. 1825ರಲ್ಲಿ ಊರು ಇಂಗ್ಲಿಷರಿಗೆ ಬಂತು. ಪುರಸಭೆ ಆದದ್ದು 1861ರಲ್ಲಿ. ದೇಶದ ಬಹು ಹಳೆಯ ಪುರಸಭೆಗಳಲ್ಲಿ ಅದೂ ಒಂದು. ಇಲ್ಲಿಂದ ಹಡಗು ಹತ್ತುತ್ತಿದ್ದ ನಾರಿಗೆ ಲೋಕದ ಪೇಟೆಯಲ್ಲಿ 'ಬಿಮ್ಲಿ ಜ್ಯೂಟ್' ಎಂದೇ ಹೆಸರು. ಅದು ನಿಜವಾದ ಸೆಣಬೂ ಅಲ್ಲ, ನಮ್ಮ ಉತ್ತರ ಕರ್ನಾಟಕದವರ ಪುಂಡಿಪಲ್ಯದ ಜಾತಿಯ ಗಿಡ. 1933ರಲ್ಲಿ ವಿಶಾಖಪಟ್ಟಣದ ಬಂದರು ತೆರೆದಮೇಲೆ ಹಡಗುಗಳು ಅತ್ತ ಹೋದವು. ರೈಲು ಈ ಊರಿಗೆ ಬರಲೇ ಇಲ್ಲ. ಹಾಗಾಗಿ ಬೀದಿಗಳು ಇದ್ದ ಹಾಗೇ ಉಳಿದವು. ಬಡತನವೂ ಒಮ್ಮೊಮ್ಮೆ ಒಳ್ಳೇ ಕಾವಲುಗಾರ. ಊರು ಏಳಿಗೆಯಾಗಿದ್ದರೆ ನಾನು ನೋಡಲು ಹೋದ ಮನೆ ಎಂದೋ ಬಿದ್ದುಹೋಗಿರುತ್ತಿತ್ತು.

ನಮ್ಮಲ್ಲಿ ಸೈಟು ಅಂದರೆ ಮೂವತ್ತು ನಲವತ್ತು, ನಲವತ್ತು ಅರವತ್ತು. ಇಲ್ಲಿ ಎಲ್ಲವೂ ಗಜ. ಒಂದು ಗಜ ಅಂದರೆ ಒಂಬತ್ತು ಚದರಡಿ. ನಮ್ಮ ಮೂವತ್ತು ನಲವತ್ತು ಇಲ್ಲಿ 133 ಗಜ ಆಗುತ್ತದೆ. ಈ ಮನೆ 420 ಗಜದಲ್ಲಿ ನಿಂತಿತ್ತು. ಮುಂದೆ 'ಅರುಗು', ಅಂದರೆ ನಮ್ಮ ಜಗಲಿ. ಹಿಂದೆ 'ಪೆರಡು', ನಮ್ಮ ಹಿತ್ತಲು. ಅಲ್ಲಿ ಬಾವಿ, ಎರಡು ತೆಂಗು, ಒಂದು ನುಗ್ಗೆ. ಆ ಮನೆಯ ಅಜ್ಜಿಯ ಮಾವ ರಂಗೂನಿಗೆ ಹೋಗಿ ವ್ಯಾಪಾರ ಮಾಡಿ ಬಂದು 1930ರ ದಶಕದಲ್ಲಿ ಕಟ್ಟಿಸಿದ್ದಂತೆ. ಈ ಕರಾವಳಿಯಿಂದ ಆ ಕಾಲದಲ್ಲಿ ಬರ್ಮಾಕ್ಕೆ ಹೋದವರು ಲೆಕ್ಕವಿಲ್ಲ. ಹೋದವರು ದುಡ್ಡು ತಂದರೋ ಇಲ್ಲವೋ, ತೇಗ ತಂದರು.

ಹಳೇ ಮನೆ ನೋಡುವುದಕ್ಕೂ ಒಂದು ಕ್ರಮ ಇದೆ. ನನ್ನ ಜೊತೆ ಸಿವಿಲ್ ಕೆಲಸ ಮಾಡಿ ನಿವೃತ್ತರಾದ ಒಬ್ಬ ಸ್ನೇಹಿತರು ಬಂದಿದ್ದರು. ಅವರು ಗೋಡೆಗೆ ಹಚ್ಚಿದ ಬಣ್ಣ ನೋಡಲೇ ಇಲ್ಲ. ಸೀದಾ ತಲೆ ಎತ್ತಿ ಸೂರು ನೋಡಿದರು. ಅದು ಮದ್ರಾಸ್ ಟೆರೇಸು: ಒತ್ತೊತ್ತಾಗಿ ತೇಗದ ತೊಲೆ, ಅದರ ಮೇಲೆ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಜೋಡಿಸಿ ಸುಣ್ಣದ ಗಾರೆ ಹಾಕಿರುತ್ತಾರೆ. ತೊಲೆ ನಡುವೆ ಮುರಿಯುವುದು ಅಪರೂಪವಂತೆ; ಗೋಡೆಯೊಳಗೆ ಹೂತಿರುವ ತುದಿ ಕೊಳೆಯುತ್ತದೆ, ಯಾಕಂದರೆ ಮಳೆನೀರು ಗೋಡೆಯಲ್ಲಿ ಇಳಿದು ಅಲ್ಲೇ ನಿಲ್ಲುತ್ತದೆ. ಸ್ನೇಹಿತರು ಏಣಿ ಹತ್ತಿ ಸ್ಕ್ರೂ ಡ್ರೈವರಿನಲ್ಲಿ ಒಂದೊಂದೇ ತುದಿ ಚುಚ್ಚಿದರು. ನಡುಮನೆಯ ನೈಋತ್ಯದ ಮೂಲೆಯ ಒಂದು ತೊಲೆಗೆ ಸ್ಕ್ರೂ ಡ್ರೈವರು ಬೆಣ್ಣೆಗೆ ಹೋದ ಹಾಗೆ ಹೋಯ್ತು. ಉಳಿದವು ಕಲ್ಲು. ಹಿಂದಿನ ಅಡಿಗೆಮನೆ 1980ರ ನಂತರ ಸೇರಿಸಿದ್ದು, ಆರ್‌ಸಿಸಿ. ಅದರ ಸೂರು ಸಿಡಿದು ಕಬ್ಬಿಣ ಹಲ್ಲು ಕಿರಿಯುತ್ತಿತ್ತು. ಕಡಲ ಉಪ್ಪುಗಾಳಿ ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ, ತುಕ್ಕು ಊದಿಕೊಂಡು ಕಾಂಕ್ರೀಟನ್ನು ಸೀಳುತ್ತದೆ. ತೊಂಬತ್ತು ವರ್ಷದ ಭಾಗ ಗಟ್ಟಿ, ಮೂವತ್ತೈದು ವರ್ಷದ್ದು ಕುಸಿಯುವ ಸ್ಥಿತಿ. ಸುಣ್ಣದ ಮನೆಯಲ್ಲಿ ತುಕ್ಕು ಹಿಡಿಯಲು ಕಬ್ಬಿಣವೇ ಇಲ್ಲವಲ್ಲ! 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣವನ್ನು ಹರಿದು ಹಾಕಿದಾಗ ಈ ಮನೆಯಲ್ಲಿ ಒಡೆದದ್ದು ಕಿಟಕಿಯ ಗಾಜು, ಬಿದ್ದದ್ದು ಒಂದು ತೆಂಗು, ಅಷ್ಟೆ.

ಆಮೇಲೆ ಬ್ಯಾಂಕಿನ ಕಡೆಯ ವ್ಯಾಲ್ಯುಯರ್ ಕೊಟ್ಟ ಕಾಗದ ನೋಡಿದೆ. ಇಟ್ಟಿಗೆ ಗೋಡೆಯ ಮನೆಗೆ ಸಾಮಾನ್ಯವಾಗಿ 60 ವರ್ಷದ ಆಯುಸ್ಸು ಹಿಡಿದು, ವರ್ಷಕ್ಕಿಷ್ಟು ಅಂತ ಕಳೆದು, ಕೊನೆಗೆ ಹತ್ತರಲ್ಲೊಂದು ಪಾಲು 'ಉಳಿಕೆ ಬೆಲೆ' ಅಂತ ಬಿಡುತ್ತಾರೆ. ಈ ಮನೆ ಆ ಲೆಕ್ಕದಲ್ಲಿ ಮೂವತ್ತು ವರ್ಷದ ಹಿಂದೆಯೇ ಸತ್ತಿತ್ತು. ಕಾಗದದಲ್ಲಿದ್ದ ಬೆಲೆ ಪೂರ್ತಿ ನೆಲದ್ದು. ಮನೆ ಅದರ ಮೇಲೆ ಕೂತ ಒಂದು ಅಡಚಣೆ. ದಲ್ಲಾಳಿಯ ಲೆಕ್ಕ ಬೇರೆ. ಹಳೇ ಮನೆ ಕೆಡವಿ ಸಾಮಾನು ಮಾರುವವರು ಬರ್ಮಾ ತೇಗದ ಬಾಗಿಲು, ತೊಲೆ, ಕಂಬ ಎಲ್ಲಕ್ಕೂ ಒಳ್ಳೇ ದುಡ್ಡು ಕೊಡುತ್ತಾರಂತೆ. ಅಂದರೆ ಈ ಮನೆ ನಿಂತಿದ್ದರೆ ಸೊನ್ನೆ, ಬಿದ್ದರೆ ಲಕ್ಷಗಟ್ಟಲೆ. ಅದಕ್ಕೇ ಬಾಗಿಲು ಹೊಗಳಬೇಡಿ ಅಂದದ್ದು. ಹೊಗಳಿದರೆ ಅಜ್ಜಿಗೆ ಎಚ್ಚರವಾಗಿಬಿಡುತ್ತದಲ್ಲ.

ಅಜ್ಜಿಗೆ ಎಂಬತ್ತೊಂದು. ಕಣ್ಣು ಮಂದ. ಗಂಡ ಹೋಗಿ ಹನ್ನೆರಡು ವರ್ಷ. ಒಬ್ಬಳೇ ಮಗಳು, ವಿಜಯವಾಡದಲ್ಲಿ. ಅಜ್ಜಿ ಕೇಳಿದ ಬೆಲೆ ಪಕ್ಕದ ಬೀದಿಯಲ್ಲಿ ಆ ವರ್ಷ ಹೋಗಿದ್ದ ರೇಟಿಗಿಂತ ಮೂರರಲ್ಲಿ ಒಂದು ಪಾಲು ಕಡಿಮೆ. ಅಷ್ಟಾದರೆ ನಮ್ಮ ಫ್ಲ್ಯಾಟು ಮಾರಿ, ಪಿಎಫ್ ದುಡ್ಡಿನಲ್ಲಿ ಒಂದಿಷ್ಟು ಸೇರಿಸಿ ಕೊಳ್ಳಬಹುದು. ಬೀದಿಯ ರೇಟು ಕೊಡಬೇಕೆಂದರೆ ಸಾಧ್ಯವೇ ಇಲ್ಲ. ಜೊತೆಗೆ ಹತ್ತಿರದ ಭೋಗಾಪುರದಲ್ಲಿ ವಿಮಾನ ನಿಲ್ದಾಣದ ಕೆಲಸ. ಅದಕ್ಕೆ 2019ರ ಫೆಬ್ರುವರಿಯಲ್ಲಿ ಒಂದು ಸರ್ಕಾರ ಶಂಕುಸ್ಥಾಪನೆ ಮಾಡಿತ್ತು, 2023ರ ಮೇನಲ್ಲಿ ಇನ್ನೊಂದು ಸರ್ಕಾರ ಮತ್ತೆ ಶಂಕುಸ್ಥಾಪನೆ ಮಾಡಿತು. ರೇಟು ಏರುತ್ತದೆ ಅಂತ ಎಲ್ಲರ ಬಾಯಲ್ಲೂ. ಅಜ್ಜಿಯ ಕಿವಿಗೆ ಇದು ಬಿದ್ದಿಲ್ಲ ಅಂತ ದಲ್ಲಾಳಿ. ನಾನೂ ಹಾಗೇ ನಂಬಿದೆ. ನಂಬಿದರೆ ಅನುಕೂಲ ಇರುವುದನ್ನು ನಂಬುವುದು ಕಷ್ಟವಲ್ಲ ನೋಡಿ.

ಅಷ್ಟರಲ್ಲಿ ಅಜ್ಜಿ ಕಾಫಿ ತಂದರು. ಸ್ಟೀಲಿನ ಲೋಟ, ಬಿಸಿ. "ತಾಗು ಬಾಬೂ" ಅಂದರು. ಆ ಲೋಟ ಹಿಡಿದುಕೊಂಡು ನಾನು ಕೂತುಬಿಟ್ಟೆ. ಯಾಕೆ ಅಂತ ಹೇಳಬೇಕಾದರೆ ನಮ್ಮ ಮನೆಯ ಕತೆ ಹೇಳಬೇಕು.

ಹಾಸನದಲ್ಲಿ ನಮ್ಮದೊಂದು ಹೆಂಚಿನ ಮನೆ ಇತ್ತು. ಅಪ್ಪ ತೀರಿಕೊಂಡಮೇಲೆ 1999ರಲ್ಲಿ ಅಮ್ಮ ಅದನ್ನು ಮಾರಿದಳು. ನಾನು ಇಲ್ಲಿ, ತಮ್ಮ ಪುಣೆಯಲ್ಲಿ, ಮನೆ ನೋಡಿಕೊಳ್ಳುವವರಿಲ್ಲ. ಕೊಂಡವರು ಪರಿಚಯದವರೇ, ಹಬ್ಬಕ್ಕೆ ಬಂದು ಹೋಗುತ್ತಿದ್ದವರು. ಎರಡು ವರ್ಷವಾಗುವಷ್ಟರಲ್ಲಿ ಬೀದಿ ಅಗಲವಾಯ್ತು, ಮನೆ ಇದ್ದ ಜಾಗದಲ್ಲಿ ಅಂಗಡಿ ಸಾಲು ಎದ್ದಿತು. ನಮಗೆ ಬಂದ ದುಡ್ಡಿನ ನಾಲ್ಕು ಪಟ್ಟು ಬರೀ ಅಡ್ವಾನ್ಸಿನಲ್ಲೇ ಅವರಿಗೆ ಬಂತು. ಬೀದಿಯ ನಕ್ಷೆ ಮೊದಲೇ ಅವರ ಕೈಗೆ ಬಂದಿತ್ತು ಅನ್ನುವುದು ಆಮೇಲೆ ತಿಳಿಯಿತು. ತಮ್ಮ ಕೂಗಾಡಿದ. ಅಮ್ಮ ದುಡ್ಡಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೇಳಿದ್ದು ಒಂದೇ: "ಅಂದ್ರೆ ಗೊತ್ತಿದ್ದೂ ಗೊತ್ತಿದ್ದೂ ನಮ್ಮನೇಲಿ ಕೂತು ಕಾಫಿ ಕುಡುದ್ರಾ?" ಅದನ್ನು ಅವಳು ಸಾಯುವವರೆಗೆ ಮೂರು ನಾಲ್ಕು ಸಲ ಕೇಳಿದ್ದಾಳೆ, ಅಕ್ಕಿ ಆರಿಸುತ್ತಾ, ಯಾರಿಗೂ ಅಲ್ಲದ ಹಾಗೆ.

ಅವರು ಮಾಡಿದ್ದು ತಪ್ಪೇ? ಇಷ್ಟು ವರ್ಷ ನಾನು ತಪ್ಪು ಅಂತಲೇ ಇದ್ದೆ. ಈಗ ಲೋಟ ನನ್ನ ಕೈಗೆ ಬಂದಮೇಲೆ ಕೊಳ್ಳುವವನ ಪರವಾದ ವಾದಗಳೆಲ್ಲ ಎಷ್ಟು ಚೆನ್ನಾಗಿವೆ ಅಂತ ಕಾಣತೊಡಗಿತು. ಪೇಪರಿನಲ್ಲಿ ಬಂದ ಸುದ್ದಿ ಗುಟ್ಟು ಹೇಗಾಗುತ್ತೆ? ಬೆಲೆ ಹೇಳಿದ್ದು ಅವರು, ನಾನು ಕೇಳಿದ್ದಲ್ಲ. ಬೇಡ ಅನ್ನಿಸಿದರೆ ಮಾರದಿರಲಿ. ಮತ್ತೆ ನಾಳಿನ ರೇಟು ಬಲ್ಲವರು ಯಾರು? 2019ರ ಡಿಸೆಂಬರಿನಲ್ಲಿ ವಿಶಾಖಪಟ್ಟಣ ಕಾರ್ಯಾಂಗದ ರಾಜಧಾನಿ ಆಗುತ್ತೆ ಅಂದಾಗ ಈ ಕಡೆ ಸೈಟು ಕೊಳ್ಳಲು ಓಡಿಬಂದವರಿಗೆ, 2021ರ ನವೆಂಬರಿನಲ್ಲಿ ಆ ಕಾನೂನು ವಾಪಸು ಪಡೆದದ್ದನ್ನೂ ನೋಡಬೇಕಾಯ್ತು. (2024ರಲ್ಲಿ ಸರ್ಕಾರ ಬದಲಾಗಿ ಮತ್ತೆ ಅಮರಾವತಿಯೇ ರಾಜಧಾನಿ ಅಂತಾಯ್ತು.) ನಷ್ಟದ ಭಯವನ್ನು ಕೊಳ್ಳುವವನು ಹೊರುತ್ತಾನೆ ಅಂದಮೇಲೆ ಲಾಭವೂ ಅವನದೇ ಅಲ್ಲವೆ? ಒಂದೊಂದೂ ಸರಿಯಾದ ಮಾತೇ. ಆದರೆ ಇವೆಲ್ಲ ಹಾಸನದ ಆ ಮನುಷ್ಯನಿಗೂ ಸಲ್ಲಬೇಕಲ್ಲ. ಅವನಿಗೆ ಕೊಡಲು ಮಾತ್ರ ನನಗೆ ಮನಸ್ಸಿಲ್ಲ.

ಕಾನೂನು ಏನು ಹೇಳುತ್ತೆ ಅಂತ ಆಮೇಲೆ ನೋಡಿದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮು ಮಾರುವವನಿಗೂ ಕೊಳ್ಳುವವನಿಗೂ ಬಾಯಿ ಬಿಡುವ ಕರ್ತವ್ಯ ಹಾಕಿದೆ. ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ದೋಷ ಗೊತ್ತಿದ್ದರೆ ಮಾರುವವನು ಹೇಳಬೇಕು. ಕೊಳ್ಳುವವನೂ ಒಂದು ಹೇಳಬೇಕು: ಆ ಸ್ವತ್ತಿನಲ್ಲಿ ಮಾರುವವನಿಗಿರುವ ಹಕ್ಕು ಅವನು ತಿಳಿದಿರುವುದಕ್ಕಿಂತ ದೊಡ್ಡದು, ಅದರಿಂದ ಬೆಲೆ ಹೆಚ್ಚುತ್ತದೆ ಅಂತ ಇವನಿಗೆ ಗೊತ್ತಿದ್ದರೆ ಮುಚ್ಚಿಡುವ ಹಾಗಿಲ್ಲ. ಹೇಳದಿದ್ದರೆ ಮೋಸ. ಆದರೆ ಆ ಮಾತು ಹಕ್ಕಿನ ವಿಚಾರಕ್ಕೆ ಮಾತ್ರ. ಬೀದಿಯ ರೇಟು, ಬರುವ ವಿಮಾನ ನಿಲ್ದಾಣ, ಬಾಗಿಲಿನ ತೇಗ ಇವುಗಳ ಬಗ್ಗೆ ಕೊಳ್ಳುವವನು ಸುಮ್ಮನಿದ್ದರೆ ಕಾನೂನೂ ಸುಮ್ಮನಿರುತ್ತದೆ.

ಈ ಜಗಳ ಹೊಸದೇನಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದೆ, ಕ್ರಿಸ್ತಪೂರ್ವ 44ರಲ್ಲಿ, ರೋಮಿನ ಸಿಸೆರೊ ಕರ್ತವ್ಯಗಳ ಮೇಲೆ ಒಂದು ಪುಸ್ತಕ ಬರೆದ. ಬರೆದದ್ದು ಅಥೆನ್ಸಿನಲ್ಲಿ ಓದಲು ಹೋಗಿದ್ದ ತನ್ನ ಮಗನಿಗೆ. ಪರಊರಿನಲ್ಲಿರುವ ಮಗನಿಗೆ ಅಪ್ಪ ಬರೆದ ಕಾಗದ ಅನ್ನಿ. ಅದರಲ್ಲಿ ಮನೆ ಮಾರುವವನ ಪ್ರಶ್ನೆಯೇ ಬರುತ್ತದೆ: ಮನೆಯಲ್ಲಿ ರೋಗವಿದೆ, ಮಲಗುವ ಕೋಣೆಗಳಲ್ಲಿ ಹಾವು ಕಾಣಿಸಿಕೊಳ್ಳುತ್ತದೆ, ಮರ ಲಡ್ಡಾಗಿದೆ; ಒಡೆಯನಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ; ಹೇಳದೆ ಮಾರಿದರೆ ಅನ್ಯಾಯವೇ? ಆಂಟಿಪೇಟರ್ ಎನ್ನುವವನು ಅನ್ಯಾಯ ಎನ್ನುತ್ತಾನೆ. ಅವನ ಗುರು ಡಯೋಜಿನಿಸ್, ಕೊಳ್ಳು ಅಂತ ಯಾರೂ ಬಲವಂತ ಮಾಡಿಲ್ಲವಲ್ಲ ಎನ್ನುತ್ತಾನೆ. ನಮ್ಮ ದಲ್ಲಾಳಿ ಡಯೋಜಿನಿಸನ ಶಿಷ್ಯನೇ ಸರಿ. ಅದೇ ಪುಸ್ತಕದಲ್ಲಿ ಸ್ಕೇವೊಲಾ ಎನ್ನುವವನ ವಿಷಯ ಬರುತ್ತದೆ. ಅವನು ಒಂದು ಜಮೀನು ಕೊಳ್ಳಲು ಹೋಗಿ, ಚೌಕಾಸಿ ಬೇಡ, ಒಂದೇ ಬೆಲೆ ಹೇಳಿ ಅಂದ. ಮಾರುವವನು ಹೇಳಿದ. ಇವನು, ನನ್ನ ಅಂದಾಜಿನಲ್ಲಿ ಇದರ ಬೆಲೆ ಹೆಚ್ಚು, ಅಂತ ಒಂದು ಲಕ್ಷ ನಾಣ್ಯ ಮೇಲೆ ಕೊಟ್ಟ. ಅವನು ಒಳ್ಳೆಯವನು ಅಂತ ಎಲ್ಲರೂ ಒಪ್ಪುತ್ತಾರೆ, ಜಾಣ ಅಂತ ಒಪ್ಪುವುದಿಲ್ಲ ಅಂತ ಸಿಸೆರೊಗೆ ಬೇಜಾರು.

ನಮ್ಮ ಕಡೆ ಹೇಳುವ ಕತೆಯೂ ಇದೆ. ಹೊಲ ಕೊಂಡವನಿಗೆ ಉಳುವಾಗ ಹೊನ್ನಿನ ಕೊಡ ಸಿಕ್ಕಿತು. ನಾನು ಕೊಂಡದ್ದು ನೆಲ, ಹೊನ್ನು ನಿನ್ನದು ಅಂತ ಹೊತ್ತುಕೊಂಡು ಹೋಗಿ ಮಾರಿದವನಿಗೆ ಕೊಡಲು ಹೋದ. ಅವನು, ನೆಲ ಕೊಟ್ಟಮೇಲೆ ಅದರೊಳಗಿನದ್ದೂ ನಿನ್ನದೇ ಅಂದ. ಧರ್ಮರಾಯನ ಹತ್ತಿರ ದೂರು ಹೋಯ್ತು. ಅವನು ನಾಳೆ ಬನ್ನಿ ಅಂದ. ರಾತ್ರಿ ಕಲಿ ಹುಟ್ಟಿದ. ಮಾರನೇ ದಿನ ಇಬ್ಬರೂ ಬಂದು ನನ್ನದು ನನ್ನದು ಅಂತ ಬಡಿದಾಡಿದರು. ಅಜ್ಜಿ ಈ ಕತೆ ಹೇಳುವಾಗ ನಾವು ನಗುತ್ತಿದ್ದೆವು. ಈಗ ಯೋಚಿಸಿದರೆ ನನಗೆ ಕಾಡುವುದು ಕತೆ ಹೇಳದ ಒಂದು ಪ್ರಶ್ನೆ: ಕೊಡ ಇದೆ ಅಂತ ಮೊದಲೇ ಗೊತ್ತಿದ್ದು ಆ ಹೊಲ ಕೊಂಡಿದ್ದರೆ? ದ್ವಾಪರದಲ್ಲಿ ಅಂಥವನು ಇರಲೇ ಇಲ್ಲವೇನೋ, ಅಥವಾ ಕತೆಗೆ ಅವನು ಬೇಕಾಗಲಿಲ್ಲ.

ಒಟ್ಟಿನಲ್ಲಿ ಕಾಫಿ ತಣ್ಣಗಾಯಿತು. ಕುಡಿಯದೆ ಇಟ್ಟರೆ ಅವರಿಗೆ ಬೇಸರ, ಕುಡಿದರೆ ನನಗೆ. ದಲ್ಲಾಳಿ ಫೋನು ಬಂತೆಂದು ಹೊರಗೆ ಹೋದಾಗ ನಾನು ಹೇಳಿಬಿಟ್ಟೆ. "ಅಮ್ಮಾ, ನೀವು ಹೇಳಿದ ಬೆಲೆ ಕಡಿಮೆ ಆಯ್ತು. ಪಕ್ಕದ ಬೀದಿಯಲ್ಲಿ ಗಜಕ್ಕೆ ಇಷ್ಟು ನಡೆದಿದೆ. ಈ ಬಾಗಿಲು, ತೊಲೆ ಎಲ್ಲ ಬರ್ಮಾ ತೇಗ, ಅದಕ್ಕೇ ಬೇರೆ ಬೆಲೆ ಬರುತ್ತೆ. ಅಷ್ಟು ಕೊಡೋದಕ್ಕೆ ನನ್ನ ಕೈಲಾಗಲ್ಲ. ಆದ್ರೆ ನಿಮಗೆ ಗೊತ್ತಿರಲಿ." ಹೇಳುವಾಗ ಎದೆ ಹೊಡೆದುಕೊಳ್ಳುತ್ತಿತ್ತು. ಹಿತ್ತಲಲ್ಲಿ ನನ್ನ ಹೆಂಡತಿ ಬಾವಿಕಟ್ಟೆಯ ಮೇಲೆ ಕೈಯಿಟ್ಟು ನಿಂತಿರುವುದು ಬಾಗಿಲಿನಿಂದ ಕಾಣುತ್ತಿತ್ತು.

ಅಜ್ಜಿ ನಕ್ಕರು. "ನನ್ನ ಮಗಳು ದಿನಾ ಸಂಜೆ ಫೋನಿನಲ್ಲಿ ಗಜದ ರೇಟು ಓದಿ ಹೇಳ್ತಾಳೆ ಬಾಬೂ, ಚಿನ್ನದ ರೇಟು ಹೇಳೋ ಹಾಗೆ. ಅಪಾರ್ಟ್‌ಮೆಂಟಿನವರು ಇಬ್ಬರು ಬಂದು ಹೋದರು. ಒಬ್ಬ ಬಾಗಿಲನ್ನ ಬೆರಳಲ್ಲಿ ತಟ್ಟಿ ನೋಡಿದ. ಅವತ್ತೇ ಬೇಡ ಅಂದೆ." ಅವರಿಗೆ ಎಲ್ಲ ಗೊತ್ತಿತ್ತು. ವಿಮಾನವೂ ಗೊತ್ತಿತ್ತು. ಬೆಲೆ ಇಳಿಸಿದ್ದು ಬೇಕೆಂದೇ: ಕೆಡವದೆ ಇರುವವರಿಗೆ ಈ ಬೆಲೆ. ನಾನು ಅಷ್ಟು ಹೊತ್ತು ಧರ್ಮಸಂಕಟ ಪಟ್ಟದ್ದು ಪೂರಾ ದಂಡ. ಅಜ್ಜಿ ಕುರುಡು, ಪೆದ್ದಿ ಅಂತ ನಾನೇ ತೀರ್ಮಾನಿಸಿ, ಆಮೇಲೆ ಅವರಿಗೆ ಮೋಸ ಮಾಡದಿರುವ ದೊಡ್ಡತನ ತೋರಿಸಿದ್ದೆ. ಕಿವಿ ಬಿಸಿಯಾಯ್ತು.

ಆದರೆ ವಿಷಯ ಅಲ್ಲಿಗೆ ಮುಗಿಯಲಿಲ್ಲ, ಇನ್ನೂ ಗಂಟಾಯಿತು. "ಕೆಡವಲ್ಲ ಅಂತ ಮಾತು ಕೊಡಿ" ಅಂದರು. ಅದೇ 1882ರ ಕಾಯ್ದೆಯ 11ನೇ ಕಲಮು ಹೇಳುವುದೇನೆಂದರೆ, ಸ್ವತ್ತನ್ನು ಪೂರ್ಣವಾಗಿ ಕೊಟ್ಟಮೇಲೆ ಅದನ್ನು ಹೀಗೇ ಅನುಭವಿಸು ಅಂತ ಪತ್ರದಲ್ಲಿ ಬರೆದರೂ, ಕೊಂಡವನು ಅದು ಬರೆದೇ ಇಲ್ಲ ಎಂಬಂತೆ ನಡೆದುಕೊಳ್ಳಬಹುದು. ನಾನು ಬರೆದುಕೊಟ್ಟರೂ ಮಾತು ಮಾತೇ. ಅಂದರೆ ಅಜ್ಜಿ ಅಷ್ಟು ದುಡ್ಡು ಬಿಡುತ್ತಿದ್ದದ್ದು ನನ್ನ ಬಾಯಿಮಾತಿನ ಮೇಲೆ. ನನಗೆ ಅರವತ್ತಮೂರು. ನನ್ನ ಕಾಲದವರೆಗೆ ಹಾರೆ ಹಾಕಿಸುವುದಿಲ್ಲ ಅನ್ನಬಲ್ಲೆ. ಆಮೇಲೆ? ಮಗ ಬೆಂಗಳೂರಿನಲ್ಲಿ, ಮಗಳು ಡಲ್ಲಾಸಿನಲ್ಲಿ. ಅವರ ಪರವಾಗಿ ಮಾತು ಕೊಡುವುದು ಬೇರೆಯವರ ದುಡ್ಡಿನಲ್ಲಿ ದಾನ ಮಾಡಿದ ಹಾಗೆ. ಹಾಗಂತಲೇ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಕಾಲದವರೆಗೆ ಅಂದ್ರಲ್ಲ, ಅಷ್ಟು ಸಾಕು" ಅಂದರು.

ಬೇರೆಯವರ ದುಡ್ಡಿನಲ್ಲಿ ದಾನ ಅಂದೆನಲ್ಲ, ಆ ಮಾತು ರಾತ್ರಿಯೆಲ್ಲ ತಿರುಗಿ ನನ್ನ ಮೇಲೇ ಬಿತ್ತು. ಅಜ್ಜಿ ಬಿಟ್ಟುಕೊಡುತ್ತಿರುವುದು ಯಾರ ದುಡ್ಡು? ಗಂಡನ ಉಯಿಲಿನ ಪ್ರಕಾರ ಮನೆ ಪೂರ್ತಿ ಅವರದು, ಅವರೊಬ್ಬರ ಸಹಿ ಸಾಕು ಅಂತ ವಕೀಲರು ಹೇಳಿದರು. ಸಹಿ ಸಾಕು, ಸರಿ. ಮುಂದಿನ ವಾರ ರತ್ನಾಚಲ್ ಎಕ್ಸ್‌ಪ್ರೆಸ್ ಹತ್ತಿ ವಿಜಯವಾಡಕ್ಕೆ ಹೋದೆ. ಮಗಳು ಐವತ್ತೈದರ ಹೆಣ್ಣುಮಗಳು, ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಾರೆ. ಬಾಡಿಗೆ ಮನೆ. ಗಂಡನಿಗೆ ಡಯಾಲಿಸಿಸ್ ನಡೆದಿತ್ತು. ಮರ್ಯಾದೆಯಿಂದಲೇ ಮಾತಾಡಿಸಿದರು. ಕೊನೆಗೆ ಕೇಳಿದರು: "ಸರ್, ನಿಮಗೆ ಹಳೇ ಮನೆ ಇಷ್ಟ. ಅಮ್ಮನಿಗೂ ಇಷ್ಟ. ನಿಮ್ಮಿಬ್ಬರ ಇಷ್ಟದ ಖರ್ಚು ನನ್ನ ಮಕ್ಕಳು ಕೊಡಬೇಕಾ?"

ಹಳೇ ಮನೆಗಳನ್ನು ಉಳಿಸಬೇಕು ಅಂತ ನಾನೂ ಎಷ್ಟೋ ಸಲ ಭಾಷಣ ಮಾಡಿದ್ದೇನೆ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರದಲ್ಲಿ ಕಾಂಪೌಂಡಿನೊಳಗಿನ ಮನೆಗಳು ಒಂದೊಂದಾಗಿ ಹೋದಾಗ ಮಾರಿಕೊಂಡವರನ್ನು ಬೈದಿದ್ದೇನೆ, ಅದೂ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೂತು. ಬೀದಿಯಲ್ಲಿ ಹೋಗುವವನಿಗೆ ಆ ಮನೆ ಕಣ್ಣಿಗೆ ಹಬ್ಬ. ಒಳಗಿರುವವನಿಗೆ ಅದು ಸೋರುವ ಸೂರು, ಮೂವರು ಮಕ್ಕಳ ಪಾಲು, ಆಸ್ಪತ್ರೆಯ ಬಿಲ್ಲು. ನೋಡುವವರ ಸಂತೋಷಕ್ಕೆ ಇರುವವರು ತೆರಿಗೆ ಕಟ್ಟಬೇಕು. ಇದನ್ನು ಸರಿಮಾಡಲು ಸರ್ಕಾರದ ಹತ್ತಿರ ಏನಾದರೂ ಇರಬೇಕಿತ್ತು. ಇಲ್ಲದಿರುವಾಗ ಕೊಳ್ಳುವವನೇ ಅದರಲ್ಲಿ ಒಂದಿಷ್ಟು ಹೊರಬೇಕು ಅಂತ ಆ ಬಾಡಿಗೆ ಮನೆಯ ಮರದ ಕುರ್ಚಿಯಲ್ಲಿ ಕೂತಾಗ ನನಗೆ ಅನ್ನಿಸಿತು. ಇದು ತತ್ವ ಅಂತಲ್ಲ. ಆ ಪ್ರಶ್ನೆಗೆ ನನ್ನ ಹತ್ತಿರ ಬೇರೆ ಉತ್ತರ ಇರಲಿಲ್ಲ.

ಮನೆಗೆ ಬಂದು ಇಬ್ಬರೂ ಲೆಕ್ಕ ಹಾಕಿದೆವು. ಕಾರು ಮಾರಿದರೆ, ಹೆಂಡತಿಯ ಹೆಸರಿನ ಡಿಪಾಸಿಟ್ ಮುರಿದರೆ, ವ್ಯತ್ಯಾಸದಲ್ಲಿ ಅರ್ಧ ತುಂಬಬಹುದು. ಪೂರ್ತಿ ಆಗುವುದಿಲ್ಲ. ಅರ್ಧಕ್ಕೆ ನ್ಯಾಯ ಆಯ್ತೇ ಅಂದರೆ ಹೇಳಲಾರೆ. ಸ್ಕೇವೊಲಾ ಅಷ್ಟು ಕೊಟ್ಟಮೇಲೂ ಅವನ ಊಟಕ್ಕೆ ತೊಂದರೆಯಾಗಿರಲಿಕ್ಕಿಲ್ಲ. ಅಜ್ಜಿಗೆ ಈ ವಿಷಯ ಸರಿಬರಲಿಲ್ಲ. "ನಾನು ಹೇಳಿದ ಬೆಲೆ ನಾನು ಹೇಳಿದ ಬೆಲೆ. ಮಗಳ ಹತ್ತಿರ ಹೋಗಿ ಕೇಳಿದ್ದು ಯಾಕೆ?" ಅಂತ ಎರಡು ವಾರ ಸರಿಯಾಗಿ ಮಾತಾಡಲಿಲ್ಲ. ಅವರ ಕಣ್ಣಲ್ಲಿ ನಾನು ಅವರ ದಾನಕ್ಕೆ ಕೈ ಹಾಕಿದ್ದೆ. ಅದೂ ನಿಜವೇ. ದಲ್ಲಾಳಿಗೆ ಮಾತ್ರ ಬಹಳ ಸಂತೋಷ. ಬೆಲೆ ಏರಿದಷ್ಟೂ ಅವನ ಕಮಿಷನ್ ಏರುತ್ತದೆ. ಅವನೀಗ ಬಾಗಿಲನ್ನು ಬಾಯ್ತುಂಬಾ ಹೊಗಳುತ್ತಿದ್ದ.

2023ರ ಡಿಸೆಂಬರಿನಲ್ಲಿ ರಿಜಿಸ್ಟ್ರೇಷನ್ ಆಯ್ತು. ಮಗಳು ಬಂದು ಸಾಕ್ಷಿ ಹಾಕಿದರು. ಅಜ್ಜಿ ವಿಜಯವಾಡಕ್ಕೆ ಹೊರಡುವ ದಿನ ಕೊಳೆತ ತೊಲೆಯ ಕೆಳಗೆ ನಿಂತು, "ಇದನ್ನ ಮೊದಲು ಹಾಕಿಸು ಬಾಬೂ, ಮುಂದಿನ ಅಕ್ಟೋಬರ್ ಒಳಗೆ" ಅಂದರು. ಹಾಕಿಸಿದೆ. ಸುಣ್ಣದ ಗಾರೆ ಕೆಲಸ ಬಲ್ಲವರನ್ನು ಹುಡುಕಲು ನಾಲ್ಕು ತಿಂಗಳು ಹಿಡಿಯಿತು. ಬೀದಿಯವರು ನಮ್ಮನ್ನು ಈಗಲೂ 'ಬೆಂಗಳೂರುವಾಳ್ಳು' ಅಂತಲೇ ಕರೆಯುತ್ತಾರೆ, ಹಾಸನ ಎಲ್ಲಿದೆ ಅಂತ ಹೇಳಿ ನಾನೂ ಸೋತಿದ್ದೇನೆ. ಮನೆಗೆ ಮಾತ್ರ ಇನ್ನೂ ಅಜ್ಜಿಯ ಹೆಸರೇ.

ಹೋದ ಸಲ ಮಗ ವಿಡಿಯೋ ಕಾಲಿನಲ್ಲಿ ಮನೆ ತೋರಿಸು ಅಂದ. ಜಗಲಿ, ತೊಲೆ, ಬಾಗಿಲು, ಬಾವಿಕಟ್ಟೆಯ ಪಕ್ಕದ ತುಳಸಿ ಎಲ್ಲ ಒಂದೊಂದಾಗಿ ತೋರಿಸಿದೆ. ಚೆನ್ನಾಗಿದೆ ಚೆನ್ನಾಗಿದೆ ಅಂದ. ಅವನು ಬೆಳೆದದ್ದು ವಿಶಾಖಪಟ್ಟಣದಲ್ಲೇ, ಲೆಕ್ಕವೆಲ್ಲ ಇಲ್ಲಿಯದೇ. "ಒಟ್ಟು ಎಷ್ಟು ಗಜ ಅಪ್ಪಾ?" ಅಂತ ಕೇಳಿದ.

ನಾನೂರ ಇಪ್ಪತ್ತು ಅಂದೆ.